‘ಮೆಡಿಕಲ್ ಶಾಪ್ ಎಲ್ಲಿ ಇಡ್ತೀಯಾ?’

ನಾನು ದಾವಣಗೆರೆಯವಳು. ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಿ ಮೈಯೊಳಗೆ ಹೇಗೆ ಕೆಲಸ ಮಾಡುತ್ತೆ ಅನ್ನೋ ವಿಷಯದಲ್ಲಿ, ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಎರಡನೇ ವರ್ಷ. ಇಷ್ಟು ಹೇಳಿದರೆ ಸಾಕು, ‘ಓ, ಫಾರ್ಮಸಿನಾ? ಮೆಡಿಕಲ್ ಶಾಪ್ ಎಲ್ಲಿ ಇಡ್ತೀಯಾ?’ ಅಂತಾರೆ. ಅವರ ತಪ್ಪೇನಿಲ್ಲ ಬಿಡಿ, ನನಗೇ ಸರಿಯಾಗಿ ಹೇಳಿಕೊಳ್ಳೋಕೆ ಬರುತ್ತಿರಲಿಲ್ಲ.

ಮೊದಲ ವರ್ಷ ಒಂದು ಸೆಮಿನಾರಿನಲ್ಲಿ ಎಲ್ಲರೂ ಎರಡೆರಡು ನಿಮಿಷ ಪರಿಚಯ ಮಾಡಿಕೊಳ್ಳಬೇಕಿತ್ತು. ನಾನು ಹೆಸರು, ಬಿ.ಫಾರ್ಮ್, ಎಂ.ಫಾರ್ಮ್, ಪರ್ಸೆಂಟೇಜು, ಗೈಡ್ ಹೆಸರು ಎಲ್ಲ ಹೇಳಿ ಕೊನೆಗೆ ಮೂರು ಸಾಲಿನ ಥೀಸಿಸ್ ಟೈಟಲ್ಲನ್ನು ಉಸಿರು ಬಿಡದೆ ಓದಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು ‘ಅದೆಲ್ಲ ಸರಿಯಮ್ಮಾ, ನೀನು ಹುಡುಕ್ತಾ ಇರೋದು ಏನನ್ನ?’ ಅಂದರು. ನಾನು ಮತ್ತೆ ಟೈಟಲ್ಲನ್ನೇ ಓದಿದೆ.

ಉತ್ತರ ಸಿಕ್ಕಿದ್ದು ಮಾವನ ಅಡಿಕೆ ತೋಟದಲ್ಲಿ. ಅವರ ಊರು ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ, ನೀರಿಗೆ ಪ್ರತಿ ಬೇಸಿಗೆಯೂ ಜಗಳ. ಅವತ್ತು ಮಾವ ಮಂಡಿ ಹಿಡಿದುಕೊಂಡು ಕೂತವರು ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ರಬ್ಬರ್ ಬ್ಯಾಂಡ್ ಹಾಕಿದ ಎರಡು ಸ್ಟ್ರಿಪ್. ‘ನೀನು ಓದೋದು ಇವುಗಳ ಬಗ್ಗೆನಾ?’ ಒಂದು ಡೈಕ್ಲೋಫೆನಾಕ್, ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ. ಇನ್ನೊಂದು ಡಾಕ್ಟರ್ ಬರೆದ ಬಿ.ಪಿ. ಮಾತ್ರೆ, ರಾಮಿಪ್ರಿಲ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ್ದು. ನನ್ನ ಥೀಸಿಸ್ಸೇ ಮಾವನ ಕೈಯಲ್ಲಿತ್ತು!

ಹೇಳಿದೆ. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸಣ್ಣ ಜರಡಿಗಳು ಸುಮಾರು 10 ಲಕ್ಷ ಇರುತ್ತವೆ, ಪ್ರತಿ ಜರಡಿಗೂ ರಕ್ತ ಒಳಗೆ ಬರೋಕೆ ಒಂದು ನಾಳ, ಹೊರಗೆ ಹೋಗೋಕೆ ಒಂದು. ಒಳಗಿನ ನಾಳ ಅಗಲವಾಗಿರೋಕೆ ಮೈಯಲ್ಲೇ ತಯಾರಾಗೋ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಬೇಕು, ಡೈಕ್ಲೋಫೆನಾಕ್ ಅದನ್ನು ತಯಾರಾಗೋಕೆ ಬಿಡಲ್ಲ, ಹಾಗಾಗಿ ನಾಳ ಬಿಗಿಯುತ್ತೆ. ರಾಮಿಪ್ರಿಲ್ ಹೊರಗಿನ ನಾಳವನ್ನು ಸಡಿಲ ಮಾಡುತ್ತೆ. ಮೂರನೆಯದು, ಅದೇ ಹೈಡ್ರೋಕ್ಲೋರೋಥಯಜೈಡ್, ಮೈಯಲ್ಲಿರೋ ಉಪ್ಪು, ನೀರನ್ನು ಮೂತ್ರದಲ್ಲಿ ಕಳಿಸುತ್ತೆ. ಸೋಸೋಕೆ ಬೇಕಾದ ಒತ್ತಡವೇ ಬಿದ್ದುಹೋಗಬಹುದು.

ಮಾವ ಒಂದು ನಿಮಿಷ ಸುಮ್ನಿದ್ದರು. ‘ಅಂದ್ರೆ ಮೇಲಿನ ತೂಬು ಇಳಿಸಿ, ಕೆಳಗಿನ ತೂಬು ಎತ್ತಿ, ನಾಲೆಗೂ ನೀರು ಕಮ್ಮಿ ಬಿಟ್ಟಂಗೆ. ಗದ್ದೆಗೆ ನೀರು ಏರೋದು ಹೆಂಗೆ?’

ಅಬ್ಬಾ, ಎರಡು ವರ್ಷದಲ್ಲಿ ನನಗೆ ಹೊಳೆಯದಿದ್ದದ್ದು! ಮಾವ ಎರಡೂ ಸ್ಟ್ರಿಪ್ ಬಿಸಾಡೋಕೆ ಹೊರಟರು. ಬಿ.ಪಿ. ಮಾತ್ರೆ ನಿಲ್ಲಿಸಬೇಡಿ, ಈ ಕವರ್ ಹಾಗೇ ಡಾಕ್ಟರಿಗೆ ತೋರಿಸಿ ಅಂತ ತಡೆದೆ.

ಈಗ ಎಲ್ಲೇ ಆದರೂ ಡಿಗ್ರಿಯಿಂದ ಶುರು ಮಾಡಲ್ಲ. ‘ಬಿ.ಪಿ. ಮಾತ್ರೆ ಜೊತೆ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಎಷ್ಟು ದಿನದಲ್ಲಿ ಪೆಟ್ಟು ಬೀಳುತ್ತೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಸ ರಕ್ತದಲ್ಲಿ ಏರೋ ಮೊದಲೇ ಮೂತ್ರದಲ್ಲಿ ಏನಾದರೂ ಸುಳಿವು ಸಿಗುತ್ತಾ, ಅದನ್ನು ಹುಡುಕುತ್ತಿದ್ದೇನೆ’ ಅಂತೀನಿ. ಹೆಸರು, ಕಾಲೇಜು ಆಮೇಲೆ. ಹೋದ ತಿಂಗಳು ಒಂದು ಇಂಟರ್‌ವ್ಯೂನಲ್ಲಿ ತೂಬಿನ ಕಥೆಯನ್ನೂ ಹೇಳಿದೆ. ಉಳಿದ ಹತ್ತು ನಿಮಿಷ ಪ್ರಶ್ನೆಗಳೆಲ್ಲ ಕೆಲಸದ ಮೇಲೇ ಬಂದವು, ಪರ್ಸೆಂಟೇಜು ಯಾರೂ ಕೇಳಲಿಲ್ಲ.

ಇಲಿಗಳ ವಿಷಯ ಮಾತ್ರ ಎಲ್ಲಿ ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು ವಿಸ್ಟಾರ್ ಅನ್ನೋ ತಳಿಯ ಬಿಳಿ ಲ್ಯಾಬ್ ಇಲಿಗಳ ಮೇಲೆ ಕೆಲಸ ಮಾಡ್ತೀನಿ, ಅವುಗಳನ್ನು ಮೂತ್ರ ಬೇರೆಯಾಗಿ ಹಿಡಿಯೋ ಮೆಟಬಾಲಿಕ್ ಕೇಜ್ ಅನ್ನೋ ಪಂಜರದಲ್ಲಿಟ್ಟು 24 ಗಂಟೆಯ ಮೂತ್ರ ಸಂಗ್ರಹಿಸ್ತೀನಿ. ಮೊದಲೇ ಹೇಳಿದರೆ ಜನ ಇಲಿಯಲ್ಲೇ ನಿಂತುಬಿಡ್ತಾರೆ. ಅತ್ತೆಯಂತೂ ‘ಇಲಿ ಉಚ್ಚೆ ಹಿಡಿಯೋಕೆ ಎಂಟು ವರ್ಷ ಓದಬೇಕಾ?’ ಅಂದಿದ್ದರು.

ಇನ್ನೊಂದು ವಾಕ್ಯ ಇತ್ತೀಚೆಗೆ ಸೇರಿಸಿದ್ದೇನೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಪರಿಚಯ ಕೇಳಿದ ಪಕ್ಕದ ಟೇಬಲ್ಲಿನವರು ದೋಸೆ ಬಿಟ್ಟು ಕೈ ಒರೆಸಿಕೊಂಡು ‘ಹಂಗಾದ್ರೆ ನನ್ನ ಸೊಂಟ ನೋವಿಗೆ ಯಾವ ಮಾತ್ರೆ ತಗೊಳ್ಳಲಿ?’ ಅಂದರು. ಅವತ್ತಿನಿಂದ ‘ನಾನು ಮಾತ್ರೆ ಬರೆದುಕೊಡಲ್ಲ’ ಅನ್ನೋದನ್ನೂ ಮೊದಲೇ ಹೇಳಿಬಿಡ್ತೀನಿ.