ಜಗಲಿ ಹತ್ತಿದ ಮೇಲೆ: ನೌಕಾಪಡೆಯಿಂದ ಪಂಚಾಯಿತಿಗೆ ಬಂದ ನನ್ನ ಅನುಭವ

2015ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಾನು 31 ಮತಗಳಿಂದ ಸೋತೆ. ನೌಕಾಪಡೆಯಲ್ಲಿ 21 ವರ್ಷ ಅಧಿಕಾರಿಯಾಗಿದ್ದು, ಕಮಾಂಡರ್ ಹುದ್ದೆಯಲ್ಲಿದ್ದಾಗ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದು ಐದು ವರ್ಷವಾಗಿತ್ತು. ಸಾಗರದಲ್ಲಿ ಮತ ಎಣಿಕೆ ಮುಗಿಸಿ ಅಂಬಾರಗೋಡ್ಲಿನಲ್ಲಿ ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಿದ್ದೆ. ಅಮ್ಮನ ಓರಗೆಯ, ಪಕ್ಕದ ಕೇರಿಯ ಹಿರಿಯರೊಬ್ಬರು ಬಂದು ಹತ್ತಿರ ಕೂತರು. ಅವರ ಮತ ನನಗೆ ಬಿದ್ದಿಲ್ಲ ಎಂದು ಅವರೇ ಹೇಳಿದರು. "ತಮ್ಮಾ, ನೀ ಹೇಳಿದ್ದೆಲ್ಲ ಒಳ್ಳೇದೇ. ಆದ್ರೆ ನಮ್ಮನೆ ಜಗಲಿ ಹತ್ತಲೇ ಇಲ್ಲ ನೀನು. ಅಂಗಳದಲ್ಲೇ ನಿಂತು ಹೇಳಿ ಹೋದೆ."

ಈಗ ಅಲ್ಲಿ ಸೇತುವೆ ಆಗಿದೆ, 2025ರ ಜುಲೈಯಿಂದ ವಾಹನಗಳು ಅದರ ಮೇಲೇ ಓಡುತ್ತಿವೆ. ಅಲ್ಲಿ ಹೋಗುವಾಗೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಸೈನ್ಯದಿಂದ ರಾಜಕೀಯಕ್ಕೆ ಬರುವುದು ಹೇಗೆ ಎಂದು ಕೇಳಿಕೊಂಡು ಬರುವ ಹುಡುಗರಿಗೂ ನಾನು ಮೊದಲು ಹೇಳುವುದು ಅದನ್ನೇ.

ನಮ್ಮದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ನೀರಿನಡಿ ಹೋದವು. ಅಜ್ಜ ಎತ್ತರದ ಜಾಗಕ್ಕೆ ಬಂದು ಹೊಸದಾಗಿ ಅಡಿಕೆ ಸಸಿ ನೆಟ್ಟರು. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದಾಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಬಿರುಕು ಬಿಟ್ಟ ಕೆಸರಿನ ಬಯಲಲ್ಲಿ ಕೋಲು ಊರಿ, "ಇಲ್ಲಿ ಬಾವಿ, ಇಲ್ಲಿ ಕಣ, ಇದು ದನದ ಕೊಟ್ಟಿಗೆ" ಎಂದು ತೋರಿಸುತ್ತಿದ್ದರು. ನೀರಿನ ಜೊತೆ ನನ್ನ ಲೆಕ್ಕ ಶುರುವಾದದ್ದು ಅಲ್ಲಿ.

ಪಿಯುಸಿ ಓದುವಾಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಬರೆದೆ. ಯುಪಿಎಸ್‌ಸಿ ನಡೆಸುವ ಲಿಖಿತ ಪರೀಕ್ಷೆ, ಆಮೇಲೆ ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಐದು ದಿನದ ಸಂದರ್ಶನ, ವೈದ್ಯಕೀಯ ತಪಾಸಣೆ. ಇವತ್ತಿಗೂ ದಾರಿ ಅದೇ. ಪುಣೆ ಹತ್ತಿರದ ಖಡಕ್‌ವಾಸ್ಲಾದ ಆ ಅಕಾಡೆಮಿಯಲ್ಲಿ ಮೂರು ವರ್ಷ, ಅನಂತರ ಕೊಚ್ಚಿಯ ತರಬೇತಿ ಹಡಗುಗಳು. 1989ರಲ್ಲಿ ಅಧಿಕಾರಿಯಾದೆ.

ಹಡಗಿನಲ್ಲಿ ಕಲಿತದ್ದರಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಹಡಗಿನ ಕಾವಲನ್ನು ವಾಚ್ ಎನ್ನುತ್ತಾರೆ. ಒಂದೊಂದು ವಾಚ್ ನಾಲ್ಕು ಗಂಟೆ. ಹಾಗೆ ಲೆಕ್ಕ ಹಾಕಿದರೆ ದಿನಕ್ಕೆ ಆರು ವಾಚ್ ಆಗಬೇಕು. ಆದರೆ ಸಂಜೆ ನಾಲ್ಕರಿಂದ ಎಂಟರವರೆಗಿನ ವಾಚನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಮಾಡುತ್ತಾರೆ. ಅದಕ್ಕೆ ಡಾಗ್ ವಾಚ್ ಎಂದು ಹೆಸರು. ಹಾಗಾಗಿ ದಿನಕ್ಕೆ ಏಳು ವಾಚ್. ಆರು ಇದ್ದರೆ ಎರಡು ತಂಡಗಳಲ್ಲಿ ಒಂದಕ್ಕೆ ದಿನಾಲೂ ನಡುರಾತ್ರಿಯ ಪಾಳಿಯೇ ಬೀಳುತ್ತದೆ. ಏಳಾದರೆ ಇವತ್ತು ಇವರಿಗೆ ಬಂದದ್ದು ನಾಳೆ ಅವರಿಗೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ, ಲೆಕ್ಕವೇ ತಿರುಗಿಸುತ್ತದೆ.

ಇನ್ನೊಂದು ಪಾಠ ಸಿಕ್ಕಿದ್ದು 2004ರ ಡಿಸೆಂಬರ್ 26ರ ಸುನಾಮಿಯ ನಂತರ. ಭಾರತದ ಹಡಗುಗಳು ಶ್ರೀಲಂಕಾಕ್ಕೆ, ಮಾಲ್ಡೀವ್ಸ್‌ಗೆ, ಇಂಡೋನೇಷ್ಯಾಕ್ಕೆ ನೆರವು ಹೊತ್ತು ಹೋದವು. ನಾನಿದ್ದ ಹಡಗು ಶ್ರೀಲಂಕಾದ ಗಾಲೆಗೆ ಹೋಯಿತು. ದಡಕ್ಕಿಳಿದ ನಮ್ಮ ಕ್ಯಾಪ್ಟನ್ ನಾವೇನೇನು ತಂದಿದ್ದೇವೆ ಎಂಬ ಪಟ್ಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅಲ್ಲಿನ ಅಧಿಕಾರಿಯ ಪಕ್ಕದಲ್ಲಿ ನಿಂತು, "ನಿಮಗೆ ಮೊದಲು ಏನಾಗಬೇಕು?" ಎಂದಷ್ಟೇ ಕೇಳಿದರು. ಆ ಅಧಿಕಾರಿಗೆ ಮೊದಲು ಬೇಕಾಗಿದ್ದದ್ದು ಅಕ್ಕಿ ಮೂಟೆ ಅಲ್ಲ, ಬಂದರಿನೊಳಗೆ ಮುಳುಗಿದ್ದ ದೋಣಿಗಳನ್ನು ಸರಿಸಿ ದಾರಿ ಬಿಡಿಸಿಕೊಡುವುದು. ನಮ್ಮ ಮುಳುಗುಗಾರರು ಮರುದಿನ ಬೆಳಿಗ್ಗೆಯೇ ನೀರಿಗಿಳಿದರು. ಬೇರೆ ನೆಲದಲ್ಲಿ ದೇಶದ ಬಾವುಟ ಹೊತ್ತು ನಿಂತವನ ಕೆಲಸ ಕೇಳುವುದರಿಂದ ಶುರುವಾಗುತ್ತದೆ ಎಂದು ಆವತ್ತೇ ಬರೆದಿಟ್ಟುಕೊಂಡೆ. ಬರೆದಿಟ್ಟುಕೊಂಡದ್ದು ನನ್ನ ಊರಿಗೂ ಸಲ್ಲುತ್ತದೆ ಎಂದು ತಿಳಿಯಲು ಚುನಾವಣೆ ಸೋಲಬೇಕಾಯಿತು.

ಅದಾಗಿ ಎರಡು ವರ್ಷಕ್ಕೆ ಕಾರವಾರ, ಐಎನ್‌ಎಸ್ ಕದಂಬ. 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ ಅದು. ಅದಕ್ಕಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಊರು ಬಿಟ್ಟಿದ್ದವು. ಒಂದು ದಿನ ವಯಸ್ಸಾದ ಮೀನುಗಾರರೊಬ್ಬರು ಕಾಗದದ ಕಟ್ಟು ಹಿಡಿದು ಬಂದಿದ್ದರು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ, "ನಿಮ್ಮೂರು ಯಾವುದು ಸಾಹೇಬ್ರೇ?" ಎಂದರು. ಸಾಗರದ ಹತ್ತಿರ, ಮುಳುಗಡೆಯವರು ಎಂದೆ. ಅವರು ಕಾಗದದ ಕಟ್ಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಹಾಗಾದ್ರೆ ನಿಮಗೆ ಬಿಡಿಸಿ ಹೇಳೋದು ಏನಿಲ್ಲ ಬಿಡಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2009ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ತೋಟಕ್ಕೆ ಕೊಳೆರೋಗ ಬಿದ್ದಿತ್ತು, ಔಷಧಿ ಹೊಡೆಸುವವರಿರಲಿಲ್ಲ. ಅಧಿಕಾರಿಗೆ 20 ವರ್ಷ ತುಂಬಿದರೆ ಪಿಂಚಣಿ ಸಿಗುತ್ತದೆ, ನನಗೆ ತುಂಬಿತ್ತು. ಅರ್ಜಿ ಕೊಟ್ಟು ಮುಂದಿನ ವರ್ಷ ಬಂದುಬಿಟ್ಟೆ. ಸಮವಸ್ತ್ರದಲ್ಲಿರುವಷ್ಟು ದಿನ ರಾಜಕೀಯದ ಹತ್ತಿರವೂ ಸುಳಿಯುವಂತಿಲ್ಲ. ಮತ ಹಾಕಬಹುದು, ಅಷ್ಟೇ. ಆ ಕಟ್ಟು ಬಹಳ ಸರಿಯಾದದ್ದು ಎಂದು ಈಗಲೂ ನಂಬಿದ್ದೇನೆ.

ಆ ದಿನಗಳಲ್ಲಿ ನನಗೆ ಜಿಮ್ಮಿ ಕಾರ್ಟರ್ ಬದುಕು ಬಹಳ ಆಸರೆಯಾಯಿತು. ಅಮೆರಿಕದ ನೌಕಾಪಡೆಯಲ್ಲಿ ಜಲಾಂತರ್ಗಾಮಿ ಅಧಿಕಾರಿಯಾಗಿದ್ದವರು ಅವರು. 1953ರಲ್ಲಿ ತಂದೆ ಸತ್ತಾಗ ಕೆಲಸ ಬಿಟ್ಟು ಜಾರ್ಜಿಯಾದ ತಮ್ಮ ಸಣ್ಣ ಊರಿಗೆ, ಶೇಂಗಾ ಹೊಲಕ್ಕೆ ವಾಪಸ್ ಬಂದರು. ಆಮೇಲೆ ರಾಜ್ಯದ ಸೆನೆಟ್, ಗವರ್ನರ್, ಅಧ್ಯಕ್ಷ ಪದವಿ. 1962ರ ಮೊದಲ ಚುನಾವಣೆಯಲ್ಲೇ ಒಂದು ಕಡೆ ಕಳ್ಳಮತ ಬಿದ್ದು ಸೋತರು, ಕೋರ್ಟಿಗೆ ಹೋಗಿ ಗೆದ್ದರು. 1966ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಸೋತರು, 1970ರಲ್ಲಿ ಮತ್ತೆ ನಿಂತು ಗೆದ್ದರು. ನಮ್ಮಲ್ಲೂ ಸೇನೆಯಿಂದ ರಾಜತಾಂತ್ರಿಕತೆಗೆ ಹೋದವರಿದ್ದಾರೆ. ಕೊಡಗಿನ ಕಾರ್ಯಪ್ಪನವರು ನಿವೃತ್ತಿಯ ನಂತರ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆದರು. ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥ ಅಡ್ಮಿರಲ್ ಕಟಾರಿ ಬರ್ಮಾಕ್ಕೆ ರಾಯಭಾರಿಯಾಗಿ ಹೋದರು. ಅಡ್ಮಿರಲ್ ನಿರ್ಮಲ್ ವರ್ಮಾ ಕೆನಡಾಕ್ಕೆ ಹೈಕಮಿಷನರ್ ಆಗಿದ್ದರು. ಆದರೆ ತಂದೆ ಸತ್ತ ಮೇಲೆ ಹೊಲಕ್ಕೆ ಬಂದು, ಊರಿನಿಂದಲೇ ಮೇಲೆದ್ದವರೆಂದು ಕಾರ್ಟರ್ ನನಗೆ ಹೆಚ್ಚು ಹತ್ತಿರ.

2015ರಲ್ಲಿ ಸೋತ ಮೇಲೆ ನಾನು ಮಾಡಿದ್ದು ಒಂದೇ ಕೆಲಸ, ಮನೆಗಳಿಗೆ ಹೋದದ್ದು. ಮತ ಕೇಳಲಿಕ್ಕಲ್ಲ. ಗೊನೆ ಕೊಯ್ಲಿಗೆ ಹೋದೆ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿ ಹಿಡಿದು ಕೂತೆ. ಸಾವಿನ ಮನೆಗೂ ಹೋದೆ, ಮದುವೆ ಮನೆಗೂ ಹೋದೆ. ಜಗಲಿ ಹತ್ತಿ, ಕವಳದ (ಎಲೆ-ಅಡಿಕೆಯ) ತಟ್ಟೆ ಮುಂದೆ ಕೂತು ಕೇಳಿದೆ. ಮುಳುಗಡೆ ಜಮೀನಿಗೆ ಹಕ್ಕುಪತ್ರ ಇಲ್ಲದೆ ಸಾಲ ಸಿಗದವರು, ಬಸುರಿ ಮಗಳನ್ನು ಕಡೇ ಲಾಂಚ್ ತಪ್ಪಿ ದಡದಲ್ಲೇ ಇಟ್ಟುಕೊಂಡು ಬೆಳಗು ಮಾಡಿದವರು. ಇವರ ಕಷ್ಟ ಕೇಳದೆ ನಾನು 2015ರ ಪ್ರಚಾರದಲ್ಲಿ ಬಣ್ಣದ ನಕ್ಷೆ ಹಂಚಿದ್ದೆ.

2020ರ ಡಿಸೆಂಬರಿನಲ್ಲಿ ಮತ್ತೆ ನಿಂತು ಗೆದ್ದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಹಾಗಾಗಿ ಜನ ಮುಖ ನೋಡಿ ಒತ್ತುತ್ತಾರೆ, ಐದು ವರ್ಷದ ನಡತೆ ನೋಡಿ ಒತ್ತುತ್ತಾರೆ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಉಳುವ ಹಕ್ಕಿಗಾಗಿ ಎದ್ದು ನಿಂತ ತಾಲ್ಲೂಕು ಇದು. ಇಲ್ಲಿನ ಹಳ್ಳಿಯವರಿಗೆ ರಾಜಕೀಯ ಯಾರೂ ಹೇಳಿಕೊಡಬೇಕಾಗಿಲ್ಲ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು, ನನಗಿಂತ 20 ವರ್ಷ ಚಿಕ್ಕವರೊಬ್ಬರು ಅಧ್ಯಕ್ಷರಾದರು. ನಾನು ಸದಸ್ಯ. ಅವರ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಭಾಗ್ಯ, ಏಕೆಂದರೆ ಮುಂದಿನ ಕೆಲಸಕ್ಕೆ ನನ್ನನ್ನು ಕಳಿಸಿದವರು ಅವರೇ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ. 2024ರ ಫೆಬ್ರುವರಿಗೇ ನಮ್ಮ ಹಳ್ಳದ ಹರಿವು ಕಾಲು ಭಾಗಕ್ಕೆ ಇಳಿಯಿತು. ಮೇಲಿನ ಕೇರಿಯವರು ಹಳ್ಳಕ್ಕೆ ಕಟ್ಟು ಹಾಕಿ ಹಲಗೆ ಇಳಿಸಿದರೆ ಕೆಳಗಿನ ಕೇರಿಯ ಹೊಂಡಕ್ಕೆ ನೀರಿಲ್ಲ. ರಾತ್ರಿ ಯಾರೋ ಹಲಗೆ ಕಿತ್ತೆಸೆದರು. ಮರುರಾತ್ರಿ ಇನ್ಯಾರದೋ ಪಂಪಿನ ಪೈಪು ತುಂಡಾಯಿತು. ಎರಡು ಕೇರಿಯವರು ಒಂದೇ ಲಾಂಚಿನಲ್ಲಿ ಹೋಗುವಾಗಲೂ ಮುಖ ತಿರುಗಿಸಿ ನಿಲ್ಲುವಂತಾಯಿತು. "ಪೊಲೀಸಿಗೆ ಹೋದ್ರೆ ತಲೆಮಾರಿನ ಜಗಳ ಆಗ್ತದೆ. ನೀವು ಹೋಗಿ ಮಾತಾಡಿ ಅಣ್ಣ" ಎಂದರು ಅಧ್ಯಕ್ಷರು.

ಎದುರುಬದುರು ಕೂರಲು ಎರಡೂ ಕಡೆಯವರು ಒಪ್ಪಲಿಲ್ಲ. ಆಗ ನೆನಪಾದದ್ದು ಕ್ಯಾಂಪ್ ಡೇವಿಡ್, ಅಮೆರಿಕದ ಅಧ್ಯಕ್ಷರ ವಿಶ್ರಾಂತಿ ತಾಣ. ಅಧ್ಯಕ್ಷರಾಗಿದ್ದ ಕಾರ್ಟರ್ ಅಲ್ಲಿ ಈಜಿಪ್ಟ್ ಮತ್ತು ಇಸ್ರೇಲಿನ ನಡುವೆ ಸಂಧಾನ ಮಾಡಿಸಿದ್ದರು. 1978ರ ಸೆಪ್ಟೆಂಬರಿನಲ್ಲಿ 13 ದಿನ, ಈಜಿಪ್ಟಿನ ಸಾದತ್ ಒಂದು ಕುಟೀರದಲ್ಲಿ, ಇಸ್ರೇಲಿನ ಬೆಗಿನ್ ಇನ್ನೊಂದರಲ್ಲಿ. ಅವರಿಬ್ಬರನ್ನು ಎದುರು ಕೂರಿಸಿದರೆ ಮಾತು ಕೆಡುತ್ತಿತ್ತು. ಅಮೆರಿಕದವರು ತಾವೇ ಒಂದು ಕರಡು ಬರೆದು, ಅದನ್ನೇ ಇಬ್ಬರ ಹತ್ತಿರವೂ ಒಯ್ದು, ತಪ್ಪು ತೋರಿಸಿದ ಕಡೆ ತಿದ್ದುತ್ತ 23 ಸಲ ಬರೆದರು. ಇವರ ಬೇಡಿಕೆ ಒಂದು ಕಾಗದ, ಅವರದು ಇನ್ನೊಂದು ಎಂದಾದರೆ ಎರಡನ್ನು ಹೊಲಿಯಲು ಆಗುವುದಿಲ್ಲ. ಹಾಳೆ ಒಂದೇ ಇರಬೇಕು, ಅದು ಯಾರದ್ದೂ ಆಗಿರಬಾರದು.

ಒಂದು ಹಾಳೆ ಬರೆದೆ. ಮೊದಲ ಸಾಲು, "ಕೆಳಗಿನ ಕೇರಿಯವರಿಗೂ ಹಳ್ಳದ ನೀರಿನ ಹಕ್ಕು ಇದೆ." ಮೇಲಿನ ಕೇರಿಯ ಹಿರಿಯರು ಕನ್ನಡಕ ಏರಿಸಿ ಓದಿ ಹಾಳೆಯನ್ನು ವಾಪಸ್ ಕೊಟ್ಟರು. "ಹಕ್ಕು ಅಂತ ಬರೆದ್ರೆ ನಾಳೆ ಕೋರ್ಟಿನಲ್ಲಿ ತೋರಿಸ್ತಾರೆ. ಅದೊಂದು ಬೇಡ." ಅದನ್ನು "ಮೇಲಿನ ಕೇರಿಯವರ ಒಪ್ಪಿಗೆಯಂತೆ" ಎಂದು ತಿದ್ದಿ ಕೆಳಗೆ ಒಯ್ದೆ. ಅಲ್ಲಿ ಒಬ್ಬ ಯುವಕ ಎದ್ದೇ ನಿಂತ. "ಒಪ್ಪಿಗೆ ಕೇಳ್ಬೇಕಾ? ಹಳ್ಳ ಅವರು ತೋಡಿದ್ದಾ ಮಾವ?" ಹೀಗೆ ಐದು ದಿನ ಮೇಲೆ ಕೆಳಗೆ ನಡೆದೆ. ಕೊನೆಗೆ ದಾರಿ ಕೊಟ್ಟದ್ದು 2015ರಲ್ಲಿ ಲಾಂಚಿಗೆ ಕಾಯುವಾಗ ಸಿಕ್ಕಿದ್ದ ಅದೇ ಹಿರಿಯರು. "ನಮ್ಮ ಕಾಲದಲ್ಲಿ ಹಕ್ಕೂ ಇಲ್ಲ, ಒಪ್ಪಿಗೆಯೂ ಇಲ್ಲ. ವಾಡಿಕೆ ಅಂತಿದ್ವಿ" ಎಂದರು. "ಹಿಂದಿನಿಂದ ನಡೆದುಬಂದ ವಾಡಿಕೆಯಂತೆ" ಎಂದು ಬರೆದೆ. ಆ ಪದಕ್ಕೆ ಎರಡೂ ಜಗಲಿಯಲ್ಲಿ ತಕರಾರು ಬರಲಿಲ್ಲ.

ಆದರೂ ಸರದಿಯ ವಿಷಯದಲ್ಲಿ ಮೇಲಿನ ಹಿರಿಯರು ಬಿಗಿಯಾಗಿಯೇ ಇದ್ದರು. ಕೆಳಗಿನ ತೋಟದಲ್ಲಿ ಉದುರಿದ್ದ ಎಳೆಯ ಅಡಿಕೆ ಕಾಯಿಗಳನ್ನೂ ಒಣಗಿದ ಒಂದು ಹಿಂಗಾರವನ್ನೂ ಟವೆಲಿನಲ್ಲಿ ಕಟ್ಟಿಕೊಂಡು ಹೋಗಿ ಅವರ ಜಗಲಿಯ ಮೇಲೆ ಬಿಚ್ಚಿದೆ. ಏನೂ ಹೇಳಲಿಲ್ಲ. ಅವರು ಒಂದು ಕಾಯಿ ತೆಗೆದು ಉಗುರಿನಿಂದ ಸೀಳಿ ನೋಡಿದರು. ಒಳಗೆ ರಸವೇ ಇರಲಿಲ್ಲ. 50 ವರ್ಷ ತೋಟ ಮಾಡಿದ ಕೈ ಅದು. ಬಹಳ ಹೊತ್ತು ಸುಮ್ಮನಿದ್ದು, "ಸರದಿ ಹೇಗೆ ಮಾಡ್ತೀಯ ಹೇಳು" ಎಂದರು.

ಕಷ್ಟ ಇದ್ದದ್ದು ರಾತ್ರಿಯಲ್ಲಿ. ನಡುರಾತ್ರಿ ಎದ್ದು ಹಲಗೆ ಎತ್ತುವ ಇಳಿಸುವ ಪಾಳಿ ಯಾವ ಕಡೆಗೂ ಬೇಡ. ಹಗಲು ನಿಮಗೆ, ರಾತ್ರಿ ಅವರಿಗೆ ಎಂದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಕವಳದ ತಟ್ಟೆಯಿಂದ ಏಳು ಅಡಿಕೆ ತೆಗೆದು ಸಾಲಾಗಿ ಇಟ್ಟೆ. ರಾತ್ರಿ ಎಂಟರಿಂದ ಹನ್ನೆರಡು ಒಂದು. ಹನ್ನೆರಡರಿಂದ ನಾಲ್ಕು ಇನ್ನೊಂದು. ಹಾಗೆ ಸಂಜೆ ನಾಲ್ಕರವರೆಗೆ ಐದು. ಆಮೇಲೆ ನಾಲ್ಕರಿಂದ ಆರು, ಆರರಿಂದ ಎಂಟು, ಎರಡು ಚಿಕ್ಕವು. ಒಂದು ನಿಮ್ಮದು, ಒಂದು ಅವರದು ಎಂದು ಬೆರಳಿಟ್ಟು ಎಣಿಸಿದೆ. ಇವತ್ತು ನಿಮಗೆ 14 ಗಂಟೆ, ಅವರಿಗೆ 10. ನಾಳೆ ಅವರಿಗೆ 14, ನಿಮಗೆ 10. ನಡುರಾತ್ರಿ ಒಂದು ದಿನ ಬಿಟ್ಟು ಒಂದು ದಿನ. ಹಿರಿಯರು ತಾವೇ ಅಡಿಕೆಗಳನ್ನು ಸರಿಸಿ ಮೂರು ದಿನದ ಲೆಕ್ಕ ಹಾಕಿ ನೋಡಿದರು. "ಇದನ್ನು ಎಲ್ಲಿ ಕಲಿತೆ?" "ಹಡಗಿನಲ್ಲಿ." "ಒಳ್ಳೇದು ಕಲಿಸಿದ್ದಾರೆ" ಎಂದು ಹಾಳೆ ತೆಗೆದುಕೊಂಡು ಸಹಿ ಹಾಕಿದರು. ಅದು ಒಂಬತ್ತನೇ ಸಲ ಬರೆದ ಹಾಳೆ, ಹದಿನಾರನೇ ದಿನ.

ಕಟ್ಟಿನ ಹತ್ತಿರ ಒಂದು ನೋಟ್‌ಪುಸ್ತಕವನ್ನೂ ಡಬ್ಬಿಯಲ್ಲಿ ಹಾಕಿ ಇಟ್ಟೆವು. ಹಲಗೆ ಎತ್ತಿದವರು, ಇಳಿಸಿದವರು ವೇಳೆ ಬರೆದು ಸಹಿ ಹಾಕಬೇಕು, ಹಡಗಿನ ಲಾಗ್ ಬುಕ್ಕಿನ ಹಾಗೆ. ಸಂಧಾನ ಮಾಡುವವರು ಇದನ್ನು ಮರೆಯಬಾರದು. ಒಪ್ಪಂದದ ಮರುದಿನ ಅನುಮಾನ ಶುರುವಾಗುತ್ತದೆ, ಆಗ ತೋರಿಸಲು ಒಂದು ಪುಟ ಬೇಕು.

ಮೊದಲ ರಾತ್ರಿ ನಾನೂ ಕಟ್ಟಿನ ಮೇಲೆ ಕೂತಿದ್ದೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸರಿಯಾಗಿ ಹನ್ನೆರಡಕ್ಕೆ ಮೇಲಿನ ಕೇರಿಯ ಹಿರಿಯರ ಮಗ ತಾನೇ ನೀರಿಗಿಳಿದು ಹಲಗೆ ಎತ್ತಿದ, ಪುಸ್ತಕದಲ್ಲಿ ಬರೆದ. ಮನೆಗೆ ಹೋಗು ಎಂದರೂ ಹೋಗದೆ ನನ್ನ ಪಕ್ಕ ಕೂತ. ಮುಕ್ಕಾಲು ಗಂಟೆ ಕಳೆಯಿತು. ಕೆಳಗೆ, ಅಡಿಕೆ ಮರಗಳ ಸಂದಿನಿಂದ, ಹೊಂಡದ ಕಡೆಯಿಂದ ಟಾರ್ಚ್ ಮೂರು ಸಲ ಮಿಂಚಿತು. ನೀರು ಮುಟ್ಟಿತ್ತು. ಅವನು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ತಾನೂ ಮೂರು ಸಲ ಬೆಳಕು ಬಿಟ್ಟ.