ಹೆಲ್ತ್‌ಕೇರ್ ಎಂಬಿಎಗೆ ಅರ್ಜಿ ಹಾಕುವ ಮುಂಚೆ ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತು ನೋಡಿ

ಗದಗಿನಲ್ಲಿ ಬಿಕಾಂ ಮುಗಿಸಿದಾಗ ಆಸ್ಪತ್ರೆ ಅಂದರೆ ನನಗೆ ಡಾಕ್ಟರ್, ನರ್ಸ್, ಫಿನೈಲ್ ವಾಸನೆ ಅಷ್ಟೇ. ಬೇರೆ ಕೆಲಸ ಸಿಗದೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ಗೆ ಸೇರಿದೆ. ಎರಡು ವರ್ಷ ಅಲ್ಲೇ ಕೂತೆ. ಆಮೇಲೆ ಹೆಲ್ತ್‌ಕೇರ್ ಎಂಬಿಎ, ಅಂದರೆ ಆಸ್ಪತ್ರೆ ನಡೆಸುವುದನ್ನು ಕಲಿಸುವ ಎಂಬಿಎ ಮಾಡಿ, ಈಗ ಆಸ್ಪತ್ರೆಯ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತೇನೆ. ಈ ಕೋರ್ಸ್ ಬಗ್ಗೆ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟೇ. ಎರಡು ತಿಂಗಳು ಯಾವುದಾದರೂ ದವಾಖಾನೆಯ ಕೌಂಟರ್ ಹಿಂದೆ ನಿಲ್ಲಿ. ಸಂಬಳ ಕಡಿಮೆ ಇದ್ದರೂ ಪರವಾಗಿಲ್ಲ.

ಯಾಕೆ ಅಂತ ಒಂದು ದಿನದ ಕಥೆ ಹೇಳುತ್ತೇನೆ. ರೋಣದ ಕಡೆಯ ಒಬ್ಬ ಅಜ್ಜ, ಪಿತ್ತಕೋಶದ ಕಲ್ಲಿನ ಆಪರೇಷನ್. ಬೆಳಿಗ್ಗೆ ಹತ್ತಕ್ಕೆ ರೌಂಡ್ಸ್‌ಗೆ ಬಂದ ಡಾಕ್ಟರ್ ಮನೆಗೆ ಹೋಗಬಹುದು ಅಂದರು. ಮಗ ಚೀಲ ಕಟ್ಟಿಕೊಂಡು ಕೂತ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿದ್ದು ಹನ್ನೆರಡಕ್ಕೆ. ಸಹಿ ಹಾಕಬೇಕಾದ ಡಾಕ್ಟರ್ ಅಷ್ಟೊತ್ತಿಗೆ ಆಪರೇಷನ್ ಥಿಯೇಟರ್ ಒಳಗೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗದೆ ಬಿಲ್ ಮುಚ್ಚುವಂತಿಲ್ಲ. ಬಿಲ್ ಇನ್ಶೂರೆನ್ಸ್‌ನವರ ಕೈ ಸೇರಿದ್ದು ಮೂರಕ್ಕೆ. ಆಗ ನೋಡಿದರೆ ಪಾಲಿಸಿಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಅಡ್ಮಿಷನ್ ದಿನವೇ ಅದನ್ನು ನೋಡಬೇಕಿದ್ದವಳು ನಾನೇ. ಅಜ್ಜ ಹೊರಟಾಗ ಸಂಜೆ ಏಳು. “ಡಾಕ್ಟ್ರು ಹೋಗು ಅಂದಾರ, ನೀವ್ಯಾಕ್ರೀ ಹಿಡಕೊಂಡು ಕುಂತೀರಿ?” ಅಂತ ಮಗ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

2024ರಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ ಒಂದು ನಿಯಮ ತಂದಿತು. ಕ್ಯಾಶ್‌ಲೆಸ್ ಕೇಸಿನಲ್ಲಿ, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ದುಡ್ಡು ಕಟ್ಟುವ ಕೇಸಿನಲ್ಲಿ, ಇನ್ಶೂರೆನ್ಸ್ ಕಂಪನಿ ಅಡ್ಮಿಷನ್ ಅನುಮತಿಯನ್ನು ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ಒಳ್ಳೆಯದೇ. ಆದರೆ ಆ ಗಡಿಯಾರ ಓಡುವುದು ನಾವು ಕಾಗದ ಕಳಿಸಿದ ಮೇಲೆ. ಹತ್ತರಿಂದ ಮೂರರವರೆಗೆ ಹೋದ ಐದು ಗಂಟೆ ನಮ್ಮದೇ ಲೆಕ್ಕ, ಅಲ್ವಾ?

ಕ್ಲಾಸಿನಲ್ಲಿ ಇದೇ ವಿಷಯ ಲೆಕ್ಕದ ರೂಪದಲ್ಲಿ ಬರುತ್ತದೆ. ಹೆದರಬೇಡಿ, ಹೈಸ್ಕೂಲ್ ಗಣಿತ ಸಾಕು. 50 ಹಾಸಿಗೆಯ ಆಸ್ಪತ್ರೆ ಅಂತ ಇಟ್ಟುಕೊಳ್ಳಿ. 50 ಹಾಸಿಗೆ, 30 ದಿನ, ಅಂದರೆ ತಿಂಗಳಿಗೆ 1,500 ಹಾಸಿಗೆ ದಿನಗಳು. ಅದರಲ್ಲಿ 1,050 ತುಂಬಿದ್ದರೆ ಆಕ್ಯುಪೆನ್ಸಿ ಶೇ. 70. ಆ ತಿಂಗಳು 300 ಜನ ಡಿಸ್ಚಾರ್ಜ್ ಆದರೆ ಒಬ್ಬರು ಸರಾಸರಿ ಮೂರೂವರೆ ದಿನ ಇದ್ದ ಹಾಗಾಯಿತು. ಅದನ್ನು ಮೂರು ದಿನಕ್ಕೆ ಇಳಿಸಿದರೆ ಅಷ್ಟೇ ಹಾಸಿಗೆ ದಿನಗಳಲ್ಲಿ 350 ಜನರನ್ನು ನೋಡಬಹುದು. ಹೊಸ ಗೋಡೆ ಕಟ್ಟಬೇಕಿಲ್ಲ. ಸರ್ಕಾರದ ಆಯುಷ್ಮಾನ್ ಯೋಜನೆಯ ಕೇಸುಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಚಿಕಿತ್ಸೆಗೆ ಮೊದಲೇ ಗೊತ್ತು ಮಾಡಿದ ಪ್ಯಾಕೇಜ್ ದರ ಇರುತ್ತದೆ. ಆಪರೇಷನ್ ಪ್ಯಾಕೇಜಿನಲ್ಲಿ ರೋಗಿ ಸುಮ್ನೆ ಎರಡು ದಿನ ಜಾಸ್ತಿ ಉಳಿದರೆ ಖರ್ಚು ಆಸ್ಪತ್ರೆಯ ತಲೆಗೆ. ಹಾಗಂತ ಗುಣವಾಗದವರನ್ನು ಎಬ್ಬಿಸಿ ಕಳಿಸುವ ಮ್ಯಾನೇಜರ್ ಆಗಬೇಡಿ. ಕಡಿಮೆ ಮಾಡಬೇಕಿರುವುದು ಕಾಯುವ ಹೊತ್ತನ್ನು.

ಇನ್ನು ಸೇರುವ ವಿಷಯ. ಯಾವ ಡಿಗ್ರಿ ಆದರೂ ನಡೆಯುತ್ತದೆ. ನನ್ನ ಬ್ಯಾಚಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದವರೂ ಇದ್ದರು, ಬಿಫಾರ್ಮಾದವರೂ ಇದ್ದರು. ನಮ್ಮ ರಾಜ್ಯದಲ್ಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಿರಿ. ಡಿಗ್ರಿಯಲ್ಲಿ ಶೇ. 50, ಎಸ್‌ಸಿ, ಎಸ್‌ಟಿ, ಪ್ರವರ್ಗ 1ರವರಿಗೆ ಶೇ. 45 ಅಂಕ ಬೇಕು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ, ಎಂಬಿಎ ಕಲಿಸುವ ಕೌಸಾಳಿ ಸಂಸ್ಥೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಚುಟುಕಾಗಿ ಬರೆದರೆ ಅದೂ ಕಿಮ್ಸೇ. ಆಟೋದವರಿಗೆ ಬರೀ ಕಿಮ್ಸ್ ಅನ್ನಬೇಡಿ, ಜನ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ದೊಡ್ಡಾಸ್ಪತ್ರೆಗೆ ಸೀದಾ ಒಯ್ದಾರು! ಆಸ್ಪತ್ರೆಯನ್ನೇ ಮುಖ್ಯ ವಿಷಯವಾಗಿ ಓದಬೇಕು ಅಂದರೆ ಎಂಎಚ್‌ಎ (ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್) ಅನ್ನುವ ಬೇರೆ ಡಿಗ್ರಿಯೇ ಇದೆ. ಬೆಂಗಳೂರಿನ ಐಐಎಚ್‌ಎಂಆರ್‌ನಂಥ ಸಂಸ್ಥೆಗಳಲ್ಲಿ ಪಿಜಿಡಿಎಂ, ಅಂದರೆ ಮ್ಯಾನೇಜ್‌ಮೆಂಟ್‌ನ ಸ್ನಾತಕೋತ್ತರ ಡಿಪ್ಲೊಮಾ ಇದೆ. ಆನ್‌ಲೈನ್ ಆದರೆ ಯುಜಿಸಿ ಒಪ್ಪಿಗೆ ಇದೆಯಾ ನೋಡಿ, ಇಲ್ಲದಿದ್ದರೆ ದುಡ್ಡು ಕಟ್ಟಬೇಡಿ.

ಬ್ರೋಷರ್‌ನಲ್ಲಿ ಹೆಲ್ತ್‌ಕೇರ್ ಅಂತ ಬರೆದ ಮಾತ್ರಕ್ಕೆ ನಂಬಬೇಡಿ. ನಾನು ಹಾಗೆ ನಂಬಿ ಮೊದಲು ಹೋದ ಒಂದು ಕಾಲೇಜಿನಲ್ಲಿ ಆ ವಿಷಯಕ್ಕೆ ಇದ್ದದ್ದು ಒಂದೇ ಪೇಪರ್. ಪಾಠ ಮಾಡುವವರು ಬ್ಯಾಂಕಿಂಗ್‌ನವರು. ಅಡ್ವಾನ್ಸ್ ವಾಪಸ್ ಬರಲೇ ಇಲ್ಲ. ಹಾಗಾಗಿ ಹೋಗಿ ಮೂರು ಪ್ರಶ್ನೆ ಕೇಳಿ. ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ? ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಯ ಬಗ್ಗೆ ಕಲಿಸುವವರು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಾ? ಹೋದ ವರ್ಷದವರು ಈಗ ಎಲ್ಲಿದ್ದಾರೆ? ಮೂರನೆಯದಕ್ಕೆ ಆಫೀಸಿನವರ ಉತ್ತರ ಸಾಲದು. ಕ್ಯಾಂಟೀನಿನಲ್ಲಿ ಗಿರ್ಮಿಟ್ ತಿನ್ನುತ್ತಾ ಸೀನಿಯರ್‌ಗಳನ್ನು ಕೇಳಿ.

ಪ್ರಾಜೆಕ್ಟನ್ನು ಮಾತ್ರ ಹಳೆಯದರಿಂದ ನಕಲು ಮಾಡಬೇಡಿ. ನಾನು ರೋಣದ ಅಜ್ಜನನ್ನು ನೆನೆದು ಡಿಸ್ಚಾರ್ಜ್ ವಿಷಯವನ್ನೇ ತೆಗೆದುಕೊಂಡೆ. ಕೈಯಲ್ಲಿ ವಾಚ್ ಹಿಡಿದು 40 ಫೈಲುಗಳ ಹಿಂದೆ ವಾರ್ಡಿನಿಂದ ಫಾರ್ಮಸಿಗೆ, ಫಾರ್ಮಸಿಯಿಂದ ಕೌಂಟರ್‌ಗೆ ಓಡಾಡಿದೆ. ಹೊತ್ತು ಜಾಸ್ತಿ ತಿಂದಿದ್ದು ಇನ್ಶೂರೆನ್ಸ್ ಅಲ್ಲ, ಔಷಧಿ ವಾಪಸಾತಿ. ಹಿಂದಿನ ಸಂಜೆಯೇ ಬೇಡದ ಔಷಧಿ ಕಳಿಸಿಬಿಡಿ ಅಂತ ವಾರ್ಡಿನ ಸಿಸ್ಟರ್‌ಗಳನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಅಂಕಪಟ್ಟಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಆ 40 ಸಾಲಿನ ಹಾಳೆಯನ್ನೇ ಮುಂದಿಟ್ಟುಕೊಂಡು, “ಸಿಸ್ಟರ್‌ಗಳನ್ನ ಹೆಂಗ್ ಒಪ್ಪಿಸಿದ್ರಿ?” ಅಂತ ಅರ್ಧ ಗಂಟೆ ಕೇಳಿದರು.