ಕಂಪನಿಯ ಹೆಸರು ಬದಲಾದಾಗ ಮನೆಯ ಇಂಟರ್‌ನೆಟ್, ಟಿ.ವಿ. ಸಂಪರ್ಕ ಬದಲಿಸುವುದು ಹೇಗೆ?

ಇಂಟರ್‌ನೆಟ್ ಅಥವಾ ಟಿ.ವಿ. ಕಂಪನಿಯ ಹೆಸರು ಬದಲಾಗಲಿದೆ ಎಂಬ ಸಂದೇಶ ಮೊಬೈಲ್‌ಗೆ ಬಂದ ಕೂಡಲೇ ತುಮಕೂರಿನ ಮನೆಗಳಲ್ಲಿ ಎರಡು ಬಗೆಯ ಎಡವಟ್ಟು ನಡೆಯುತ್ತದೆ. ಕೆಲವರು ಗಾಬರಿಯಿಂದ ಹಳೆಯ ಸಂಪರ್ಕವನ್ನು ಕೀಳಿಸಿಬಿಡುತ್ತಾರೆ. ಹೊಸದು ಬರುವಷ್ಟರಲ್ಲಿ ಮಕ್ಕಳ ಪಾಠವೂ ಮನೆಯಿಂದ ಮಾಡುವ ಕೆಲಸವೂ ಹಾಳಾಗಿರುತ್ತವೆ. ಇನ್ನು ಕೆಲವರು ಬಾಗಿಲಿಗೆ ಬಂದ ಮಾರಾಟದ ಹುಡುಗ ತೋರಿಸಿದ ಕಡೆ ಸಹಿ ಹಾಕಿ, ಬೇಕಿಲ್ಲದ ಸಂಪರ್ಕಕ್ಕೆ ಇಡೀ ವರ್ಷದ ಹಣ ಕಟ್ಟುತ್ತಾರೆ. ಅಶೋಕನಗರ, ಬಟವಾಡಿ, ಕ್ಯಾತ್ಸಂದ್ರದ ಮನೆಗಳಲ್ಲಿ ಇವೆರಡನ್ನೂ ಕಂಡು ಬೇಸತ್ತು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು: ಬದಲಾದದ್ದು ಹೆಸರೋ, ಸಂಪರ್ಕವೋ?

ಬರೀ ಹೆಸರು ಬದಲಾಗಿದ್ದರೆ ನೀವು ಏನೂ ಮಾಡಬೇಕಿಲ್ಲ. 2022ರ ಜನವರಿಯಲ್ಲಿ ಟಾಟಾ ಸ್ಕೈ ‘ಟಾಟಾ ಪ್ಲೇ’ ಆದಾಗ ಮನೆಯಲ್ಲಿದ್ದ ಬಾಕ್ಸ್‌ಗಳು ಹಾಗೆಯೇ ನಡೆದವು. 2018ರಲ್ಲಿ ವಿಡಿಯೊಕಾನ್ ಡಿ2ಎಚ್ ಡಿಶ್ ಟಿ.ವಿ.ಯಲ್ಲಿ ವಿಲೀನವಾಯಿತು, ಆದರೂ ಡಿ2ಎಚ್ ಎಂಬ ಹೆಸರು ಉಳಿಯಿತು. ಮಾಲೀಕರು ಬದಲಾದರೂ ಹೆಸರು ಬದಲಾಗದಿರಬಹುದು, ಹೆಸರು ಬದಲಾದರೂ ಮಾಲೀಕರು ಅವರೇ ಇರಬಹುದು.

ನಮ್ಮಂಥ ಊರುಗಳಲ್ಲಿ ನಿಜವಾಗಿ ಗಮನಿಸಬೇಕಾದದ್ದು ಮೂರನೆಯ ಬಗೆಯನ್ನು. ಬಡಾವಣೆಯ ಕೇಬಲ್‌ನವರು ತಾವು ಸಿಗ್ನಲ್ ತರುತ್ತಿದ್ದ ಕಂಪನಿಯನ್ನೇ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಹಣ ಕೇಳಲು ಬರುವ ಮುಖ ಅದೇ, ಬೀದಿಯ ತಂತಿಯೂ ಅದೇ, ಆದರೆ ಬಾಕ್ಸ್, ಪ್ಯಾಕ್, ದೂರಿನ ಸಂಖ್ಯೆ ಎಲ್ಲವೂ ಬೇರೆ. ಇದು ‘ಹೆಸರು ಬದಲಾವಣೆ’ ಅಲ್ಲ, ಹೊಸ ಸಂಪರ್ಕ. ಹಾಗೆಂದೇ ತಿಳಿದು ಹೊಸ ಷರತ್ತುಗಳನ್ನು ಓದಿ.

ಪತ್ತೆ ಹಚ್ಚುವುದು ಸುಲಭ. ಹಳೆಯ ಬಿಲ್ ಮತ್ತು ಹೊಸ ಬಿಲ್ ಎರಡನ್ನೂ ಪಕ್ಕದಲ್ಲಿಟ್ಟು ಜಿಎಸ್‌ಟಿ ಸಂಖ್ಯೆ ನೋಡಿ. ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ಅದರ ಮುಂದಿನ ಹತ್ತು ಅಕ್ಷರ–ಅಂಕಿಗಳು ಆ ಸಂಸ್ಥೆಯ ಪ್ಯಾನ್. ಆ ಹತ್ತೂ ಹೊಂದಿಕೆಯಾದರೆ, ಮೇಲಿನ ಲಾಂಛನ ಏನೇ ಇರಲಿ, ನೀವು ಹಣ ಕಟ್ಟುತ್ತಿರುವುದು ಅದೇ ಸಂಸ್ಥೆಗೆ.

ಇಲ್ಲೊಂದು ಎಚ್ಚರಿಕೆ. ‘ಹೆಸರು ಬದಲಾಗಿದೆ, ಕೆವೈಸಿ ಮಾಡದಿದ್ದರೆ ಇಂದು ಸಂಜೆ ಟಿ.ವಿ. ನಿಲ್ಲುತ್ತದೆ’ ಎಂದು ಕರೆ ಬಂದರೆ ಮಾತು ಮುಂದುವರಿಸದೆ ಇಟ್ಟುಬಿಡಿ. ಕಳುಹಿಸಿದ ಲಿಂಕ್ ಒತ್ತಬೇಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಮೇಲೆ: ಬದಲಿಸಲೇಬೇಕೆಂದಿದ್ದರೆ ಆಯ್ಕೆ

‘ಮೊಬೈಲ್‌ನಂತೆ ಪೋರ್ಟ್ ಮಾಡಿಸಬಹುದಲ್ಲ?’ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. 2011ರ ಜನವರಿಯಲ್ಲಿ ದೇಶದಾದ್ಯಂತ ಬಂದ ಆ ಸೌಲಭ್ಯ ಮೊಬೈಲ್ ಸಂಖ್ಯೆಗಳಿಗೆ ಮಾತ್ರ. ಬ್ರಾಡ್‌ಬ್ಯಾಂಡ್‌ನಲ್ಲಿ ಹಳೆಯದನ್ನು ಮುಚ್ಚಿಸಿ ಹೊಸದನ್ನು ಪಡೆಯಬೇಕು. ಫೈಬರ್ ಜೊತೆ ಬಂದ ಸ್ಥಿರ ದೂರವಾಣಿ ಸಂಖ್ಯೆಯೂ ಅಲ್ಲಿಗೇ ಮುಗಿಯುತ್ತದೆ. ಬ್ಯಾಂಕ್, ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆಯಲ್ಲಿ ಆ ಸಂಖ್ಯೆ ಕೊಟ್ಟಿದ್ದರೆ ಮೊದಲೇ ಬದಲಿಸಿಕೊಳ್ಳಿ. ಟಿ.ವಿ.ಯ ವಿಷಯದಲ್ಲೂ ಹಾಗೆಯೇ: ಒಂದು ಕಂಪನಿಯ ಸೆಟ್‌ಟಾಪ್ ಬಾಕ್ಸ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಛಾವಣಿಯ ಡಿಶ್ ಉಳಿದರೂ ಅದನ್ನು ಬೇರೆ ಉಪಗ್ರಹದತ್ತ ತಿರುಗಿಸಬೇಕಾಗುತ್ತದೆ.

ದರ ಕೇಳುವಾಗ 18 ಶೇಕಡಾ ಜಿಎಸ್‌ಟಿ ಸೇರಿದ ಮೊತ್ತವನ್ನೇ ಕೇಳಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, ನೂರಲ್ಲ. ‘ಅನಿಯಮಿತ’ ಎಂದಿದ್ದರೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ, ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ. ರೂಟರ್ ಬಾಡಿಗೆಯದೋ ಸ್ವಂತದ್ದೋ, ಠೇವಣಿ ಎಷ್ಟು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಟಿ.ವಿ. ಪ್ಯಾಕ್‌ನ ಹೆಸರಿನಲ್ಲಿ ‘ಕನ್ನಡ’ ಇದ್ದರೆ ಸಾಲದು. ಅಮ್ಮ ನೋಡುವ ಧಾರಾವಾಹಿಯ ಚಾನೆಲ್, ಅಪ್ಪ ನೋಡುವ ಸುದ್ದಿ ಚಾನೆಲ್ ಪಟ್ಟಿಯಲ್ಲಿವೆಯೇ ನೋಡಿ. 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ವ್ಯವಸ್ಥೆಯಲ್ಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿಯೂ ಆರಿಸಿಕೊಳ್ಳಬಹುದು.

ಎರಡು ಮಾತನ್ನು ಖಂಡಿತವಾಗಿ ಹೇಳುತ್ತೇನೆ. ಇಂಟರ್‌ನೆಟ್ ಮತ್ತು ಟಿ.ವಿ. ಎರಡನ್ನೂ ಒಂದೇ ಕಂಪನಿಗೆ ಕಟ್ಟಿಹಾಕಬೇಡಿ. ಫೈಬರ್ ತುಂಡಾದ ದಿನ ಎರಡೂ ಒಟ್ಟಿಗೆ ಸಾಯುತ್ತವೆ. ಹೆಸರು ಬದಲಾಗುತ್ತಿರುವ ಕಂಪನಿಗೆ, ಎಷ್ಟೇ ರಿಯಾಯಿತಿ ಕೊಟ್ಟರೂ, ವರ್ಷದ ಹಣವನ್ನು ಮುಂಗಡ ಕಟ್ಟಬೇಡಿ. ತಿಂಗಳಿನದ್ದು ಸಾಕು, ಹೆಚ್ಚೆಂದರೆ ಮೂರು ತಿಂಗಳದ್ದು.

ಜೋಡಣೆಯ ದಿನ

ಹಳೆಯದು ನಡೆಯುತ್ತಿರುವಾಗಲೇ ಹೊಸದನ್ನು ಹಾಕಿಸಿ. ಒಂದೆರಡು ವಾರ ಎರಡಕ್ಕೂ ಹಣ ಕೊಡುವುದು ನಷ್ಟವಲ್ಲ.

ಲೈನ್‌ಮ್ಯಾನ್ ಬಂದಾಗ ಜೊತೆಗೇ ನಿಂತಿರಿ. ಫೈಬರ್ ತಂತಿಯೊಳಗೆ ಇರುವುದು ಕೂದಲೆಳೆಯಂಥ ಗಾಜು. ಕಿಟಕಿಯ ಸಂದಿಯಲ್ಲಿ ಚೂಪಾಗಿ ಬಗ್ಗಿಸಿ ಮೊಳೆ ಹೊಡೆದರೆ ಬೆಳಕು ಸೋರಿಹೋಗುತ್ತದೆ. ಗೋಡೆಯಲ್ಲಿ ತೂತು ಕೊರೆಸಿ ಅಗಲವಾದ ಬಾಗಿನಲ್ಲೇ ಒಳಗೆ ತರಿಸಿ. ಸ್ಮಾರ್ಟ್ ಸಿಟಿ ಕಾಮಗಾರಿಯ ಕಾಲದಿಂದ ರಸ್ತೆ ಅಗೆತ ನಮ್ಮ ಊರಿಗೆ ಹೊಸದೇನಲ್ಲ. ಹಾಗಾಗಿ ನಿಮ್ಮ ಬೀದಿಗೆ ತಂತಿ ಕಂಬದ ಮೇಲಿಂದ ಬರುತ್ತದೆಯೋ ನೆಲದಡಿಯಿಂದಲೋ ಎಂದು ಕೇಳಿಟ್ಟುಕೊಳ್ಳಿ, ತುಂಡಾದಾಗ ಎಲ್ಲಿ ಹುಡುಕಬೇಕೆಂಬುದು ನಿಮಗೂ ಗೊತ್ತಿರಲಿ.

ಗೋಡೆಯ ಮೋಡೆಮ್‌ನಲ್ಲಿ ‘ಪಾನ್’ (PON) ದೀಪ ಹಸಿರಾಗಿ ನಿಲ್ಲಬೇಕು, ‘ಲಾಸ್’ (LOS) ದೀಪ ಕೆಂಪಾಗಬಾರದು. ದೀಪ ಹಸಿರಾದರೆ ಕೆಲಸ ಮುಗಿಯಿತೆಂದು ಕಳುಹಿಸಿಬಿಡಬೇಡಿ. ಲೈನ್‌ಮ್ಯಾನ್‌ಗೆ ತನ್ನ ಮೀಟರ್‌ನಲ್ಲಿ ಬೆಳಕಿನ ಬಲ (ಡಿಬಿಎಂ ಲೆಕ್ಕದಲ್ಲಿ) ತೋರಿಸಲು ಹೇಳಿ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರವಿದ್ದರೆ ಇಂದು ನಡೆದರೂ ಮಳೆಗಾಲದಲ್ಲಿ ಕೈಕೊಡುತ್ತದೆ. ಜೋಡಣೆಯನ್ನು ಮತ್ತೆ ಮಾಡಿಸಿ. ಅವರು ಹೊರಟ ಮೇಲೆ ಇದನ್ನು ಮಾಡಿಸುವುದು ಬಹಳ ಕಷ್ಟ.

ಹೊಸ ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಡಿಸಿ. ಮನೆಯ ಫೋನು, ಟಿ.ವಿ., ಕ್ಯಾಮೆರಾ ತಾವಾಗಿಯೇ ಸೇರಿಕೊಳ್ಳುತ್ತವೆ. ಹಿಂದಿನ ಕೋಣೆಗೆ ಸಿಗ್ನಲ್ ಬರದಿದ್ದರೆ ಅಂಗಡಿಯವರು ಹೇಳುವ ಅಗ್ಗದ ‘ಬೂಸ್ಟರ್’ ಕೊಳ್ಳಬೇಡಿ, ಅವು ವೇಗವನ್ನು ಅರ್ಧಕ್ಕೆ ಇಳಿಸುತ್ತವೆ. ಲ್ಯಾನ್ ತಂತಿ ಎಳೆಸಿ ಎರಡನೇ ರೂಟರ್ ಇಡುವುದೇ ಸರಿ. ಬೆಸ್ಕಾಂ ಕರೆಂಟು ಹೋದಾಗಲೂ ನೆಟ್ ಬೇಕಿದ್ದರೆ ರೂಟರ್‌ಗೆಂದೇ ಬರುವ ಪುಟ್ಟ ಯುಪಿಎಸ್ ಸಾಕು.

ಕೊನೆಗೆ: ಹಳೆಯದನ್ನು ಮುಚ್ಚಿಸುವುದು

ಜನ ಮುಗ್ಗರಿಸುವುದು ಇಲ್ಲೇ. ‘ರೀಚಾರ್ಜ್ ನಿಲ್ಲಿಸಿದರೆ ತಾನಾಗಿ ಹೋಗುತ್ತದೆ’ ಎಂಬ ನಂಬಿಕೆ ಪ್ರಿಪೇಯ್ಡ್ ಡಿಟಿಎಚ್‌ಗೆ ಬಹುಮಟ್ಟಿಗೆ ಸರಿ. ತಿಂಗಳ ಕೊನೆಗೆ ಬಿಲ್ ಬರುವ ಬ್ರಾಡ್‌ಬ್ಯಾಂಡ್‌ಗೆ ಅಲ್ಲ. ಅಲ್ಲಿ ಮುಚ್ಚುವ ಕೋರಿಕೆ ದಾಖಲಾಗುವವರೆಗೆ ಬಿಲ್ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ವಸೂಲಿಯವರ ಕರೆ ಬರುತ್ತದೆ.

ಕೋರಿಕೆಯನ್ನು ಬಾಯಲ್ಲಿ ಹೇಳಬೇಡಿ. ಲೈನ್‌ಮ್ಯಾನ್‌ಗೆ ಹೇಳಿದ್ದಂತೂ ಲೆಕ್ಕಕ್ಕೇ ಬರುವುದಿಲ್ಲ. ಕಂಪನಿಯ ಆ್ಯಪ್‌ನಲ್ಲಿ ಅಥವಾ ಇ–ಮೇಲ್‌ನಲ್ಲಿ ಹೀಗೆ ಬರೆಯಿರಿ: ‘ಗ್ರಾಹಕ ಸಂಖ್ಯೆ ಇಂಥದ್ದು, ಇಂಥ ದಿನದಿಂದ ಸಂಪರ್ಕ ಮುಚ್ಚಿ, ಆ ದಿನದವರೆಗಿನ ಅಂತಿಮ ಬಿಲ್ ಕೊಡಿ, ಠೇವಣಿಯನ್ನು ಈ ಖಾತೆಗೆ ಹಾಕಿ.’ ದಿನಾಂಕ ಇರಲೇಬೇಕು. ಉತ್ತರವಾಗಿ ಬರುವ ಕೋರಿಕೆ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹೆಸರು ಬದಲಾಗುವ ಹೊತ್ತಿನಲ್ಲಿ ಹಳೆಯ ಆ್ಯಪ್ ಮುಚ್ಚಿಹೋಗಬಹುದು. ಹಳೆಯ ಬಿಲ್‌ಗಳನ್ನೆಲ್ಲ ಮೊದಲೇ ಇಳಿಸಿಕೊಳ್ಳಿ. ‘ಇನ್ನು ಮೂರು ತಿಂಗಳು ಅರ್ಧ ದರಕ್ಕೆ ಕೊಡುತ್ತೇವೆ’ ಎಂದು ಕರೆ ಬರುವುದು ಖಚಿತ. ಬೇಡವೆಂದರೆ ಬೇಡವೆಂದೇ ಹೇಳಿ. ‘ಯೋಚಿಸುತ್ತೇನೆ’ ಎಂದರೆ ಕೋರಿಕೆ ರದ್ದಾಗಿಬಿಡಬಹುದು.

ಅದಾದ ಮೇಲೆ ಉಪಕರಣ. ಮೋಡೆಮ್, ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ರಿಮೋಟ್ ಎಲ್ಲವನ್ನೂ ಮೇಜಿನ ಮೇಲಿಟ್ಟು, ಸೀರಿಯಲ್ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಒಯ್ಯಲು ಬಂದವರಿಂದ ಸಹಿ, ದಿನಾಂಕ ಇರುವ ರಸೀದಿ ಪಡೆಯಿರಿ. ಪಕ್ಕದ ಅಂಗಡಿಯಲ್ಲಿ ಇಟ್ಟಿರಿ ಎಂದರೆ ಒಪ್ಪಬೇಡಿ. ರಸೀದಿ ಇಲ್ಲದೆ ಕೊಟ್ಟ ಮೋಡೆಮ್‌ನ ಬೆಲೆಯನ್ನು ಠೇವಣಿಯಲ್ಲಿ ಕಡಿದುಕೊಂಡರೆ ನಿಮ್ಮ ಕೈಯಲ್ಲಿ ಪುರಾವೆಯೇ ಇರುವುದಿಲ್ಲ.

ಇನ್ನು ಆಟೋಪೇ. ಸಂಪರ್ಕ ಮುಚ್ಚಿದರೂ ಬ್ಯಾಂಕಿಗೆ ನೀವು ಕೊಟ್ಟ ಅನುಮತಿ ಮುಚ್ಚುವುದಿಲ್ಲ. ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆರೆದು ರದ್ದುಮಾಡಿ. ಅಲ್ಲಿ ಹೊಸ ಹೆಸರನ್ನೇ ಹುಡುಕಬೇಡಿ, ಹಳೆಯ ಹೆಸರೋ ಸಂಸ್ಥೆಯ ನೋಂದಾಯಿತ ಹೆಸರೋ ಇರಬಹುದು. ಮೊತ್ತ ನೋಡಿ ಗುರುತಿಸಿ. ಕಾರ್ಡ್ ಮೂಲಕ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ರದ್ದುಮಾಡಿಸಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು. ಅದನ್ನು ಜಾಹೀರಾತೆಂದು ಅಳಿಸಬೇಡಿ.

ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮದಂತೆ ಬ್ರಾಡ್‌ಬ್ಯಾಂಡ್ ಠೇವಣಿ 45 ದಿನದೊಳಗೆ ಮರಳಬೇಕು. ಬಾರದಿದ್ದರೆ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅದು 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಪತ್ರ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ದೂರಿನ ಜೊತೆ ಲಗತ್ತಿಸಬೇಕಾದವು ನಾಲ್ಕು: ಮುಚ್ಚುವ ಕೋರಿಕೆಯ ಪ್ರತಿ, ಉಪಕರಣದ ರಸೀದಿ, ಅಂತಿಮ ಬಿಲ್, ಠೇವಣಿ ಕಟ್ಟಿದ ದಾಖಲೆ.